ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕ ಪ್ರಮಾಣಪತ್ರ: ಅವರು ದ್ರೋಹಿಯೇ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಾನು ಮಂಡ್ಯದವಳು, ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ಈಗ ನಿವೃತ್ತಳಾಗಿದ್ದೇನೆ. ಮಗಳು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿದ್ದಾಳೆ, ನ್ಯಾಶ್‌ವಿಲ್ ಊರಿಂದ ಎರಡು ಗಂಟೆ ದಾರಿ. ಅಳಿಯ ಅಲ್ಲಿಯವರೇ. ಹೋದ ವರ್ಷ ಬೀಗರು ತೀರಿಕೊಂಡ ಮೇಲೆ ಹಳೇ ಮನೆ ಖಾಲಿ ಮಾಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತಂತೆ. ಒಳಗೆ 1865ರ ಆಗಸ್ಟ್‌ ತಿಂಗಳ ಒಂದು ಕಾಗದ. ಅಚ್ಚು ಹಾಕಿದ ಫಾರಂ. ಖಾಲಿ ಬಿಟ್ಟ ಜಾಗದಲ್ಲಿ ಅಳಿಯನ ಮುತ್ತಜ್ಜನ ತಾತನ ಹೆಸರು. ಅಮೆರಿಕದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ. ಪಕ್ಕದಲ್ಲಿ ಅವರ ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ ಬರೆದಿದೆ. ಅವರು ಸೈನಿಕರಾಗಿರಲಿಲ್ಲ, ಹಿಟ್ಟಿನ ಗಿರಣಿ ನಡೆಸುತ್ತಿದ್ದರು ಅಂತ ಮನೆಯವರ ಮಾತು.

12 ವರ್ಷದ ಮೊಮ್ಮಗ ಇದರ ಫೋಟೋ ಶಾಲೆಗೆ ತೆಗೆದುಕೊಂಡು ಹೋಗಿದ್ದ. ಒಬ್ಬ ಹುಡುಗ ‘ನಿಮ್ಮವರು ದೇಶದ್ರೋಹಿಗಳು, ಸೋತ ಮೇಲೆ ಸುಳ್ಳು ಆಣೆ ಇಟ್ಟು ತಪ್ಪಿಸಿಕೊಂಡರು’ ಅಂದನಂತೆ. ರಜೆಗೆ ಇಲ್ಲಿಗೆ ಬಂದಾಗ ‘ಅಜ್ಜಿ, ನಾನು ದ್ರೋಹಿ ಮನೆಯವನಾ?’ ಅಂತ ಕೇಳಿದ. ನಮ್ಮ ಯಜಮಾನರು ‘ಹೊಟ್ಟೆಪಾಡಿಗೆ ಹಾಕಿದ ಸಹಿ, ಬಿಡು ಮಗ’ ಅಂದರು. ಅವನಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಬಲವಂತಕ್ಕೆ ಮಾಡಿದ ಪ್ರಮಾಣಕ್ಕೆ ಬೆಲೆ ಇದೆಯಾ? ಆಮೇಲೆ ಅವರು ಕೊಟ್ಟ ಮಾತು ಉಳಿಸಿಕೊಂಡರಾ? ಮಗಳು ಅದನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕೋಣ ಅನ್ನುತ್ತಾಳೆ. ಅಳಿಯ ಮತ್ತೆ ಪೆಟ್ಟಿಗೆಯಲ್ಲೇ ಇಡೋಣ ಅನ್ನುತ್ತಾರೆ. ಏನು ಮಾಡೋದು, ತಿಳಿಸಿ.

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ಮೂವತ್ತು ವರ್ಷ ಎಂ.ಎ. ಮಕ್ಕಳಿಗೆ ಅಮೆರಿಕದ ಇತಿಹಾಸ ಪಾಠ ಮಾಡಿದ್ದೇನೆ. ಈ ಪ್ರಮಾಣಗಳ ಬಗ್ಗೆ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಷ್ಟೋ ಸಲ ಹಾಕಿದ್ದೇನೆ. ಆದರೆ ಒಂದು ಮಗು ಇದನ್ನು ತನ್ನ ಮನೆಯ ವಿಷಯ ಮಾಡಿಕೊಂಡು ಕೇಳಿದ್ದು ಇದೇ ಮೊದಲು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹುಡುಗನಿಗೆ ಮೊದಲು ಹೇಳಬೇಕಾದ ಮಾತು ಇದು. ಈ ಒಂದು ಕಾಗದ ಇಟ್ಟುಕೊಂಡು ಆ ಹಿರಿಯರನ್ನು ದ್ರೋಹಿ ಅನ್ನೋಕೆ ಆಗುವುದಿಲ್ಲ. ದೇಶಭಕ್ತ ಅನ್ನೋಕೂ ಆಗುವುದಿಲ್ಲ. ಸರ್ಕಾರ ಅವರಿಂದ ಏನು ಕೇಳಿತು, ಬದಲಿಗೆ ಏನು ಕೊಟ್ಟಿತು ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯಬೇಕಾದರೆ ಬೇರೆ ಕಡೆ ಹುಡುಕಬೇಕು.

ಆ ಊರಿನ ಸ್ಥಿತಿ ಸ್ವಲ್ಪ ತಿಳಿದಿರಲಿ. 1860–61ರಲ್ಲಿ ದಕ್ಷಿಣದ 11 ರಾಜ್ಯಗಳು ಒಕ್ಕೂಟ ಬಿಟ್ಟು ಹೊರಬಂದವು. ಅದರಿಂದ ಉತ್ತರ, ದಕ್ಷಿಣಗಳ ನಡುವೆ ಅಂತರ್ಯುದ್ಧ ಹತ್ತಿತು; ಉತ್ತರದವರು ಇದನ್ನೇ ‘ದಂಗೆ’ ಅಂದರು. ಜಗಳದ ಬೇರು ಗುಲಾಮಗಿರಿ. ಟೆನೆಸ್ಸೀ ಕೊನೆಗೆ ಹೊರಬಂದ ರಾಜ್ಯ, 1861ರ ಜೂನ್‌ನಲ್ಲಿ. ಅಲ್ಲಿಯ ಜನವೂ ಒಂದೇ ಮನಸ್ಸಿನವರಾಗಿರಲಿಲ್ಲ. ಪೂರ್ವದ ಬೆಟ್ಟದ ಸೀಮೆಯ ಬಹುಪಾಲು ಜನ ಒಕ್ಕೂಟ ಬಿಡಬಾರದು ಎಂದೇ ಮತ ಹಾಕಿದ್ದರು. 1862ರ ಫೆಬ್ರವರಿಯಲ್ಲಿ ನ್ಯಾಶ್‌ವಿಲ್ ಉತ್ತರದವರ ಕೈಸೇರಿತು. ಅಂದರೆ ನಿಮ್ಮ ಗಿರಣಿಯ ಹಿರಿಯರು ಒಂದು ವರ್ಷ ಒಂದು ಸರ್ಕಾರ ನೋಡಿದರು, ಆಮೇಲೆ ಮೂರು ವರ್ಷ ಇನ್ನೊಂದು ಸರ್ಕಾರದ ಸೈನ್ಯವನ್ನು ಬಾಗಿಲಲ್ಲೇ ನೋಡಿದರು. ಎರಡು ಕಡೆಯವರಿಗೂ ಹಿಟ್ಟು ಬೇಕಿತ್ತು. ಎರಡು ಕಡೆಯವರೂ ಆಣೆ ಇಡಿಸಿಕೊಳ್ಳುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಒಂದೇ ಪ್ರಮಾಣಪತ್ರ ಉಳಿದಿದೆ ಅಂದ ಮಾತ್ರಕ್ಕೆ ಅವರು ಒಂದೇ ಸಲ ಪ್ರಮಾಣ ಮಾಡಿದ್ದರು ಅಂತಲ್ಲ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಮುಖ್ಯ ಸೈನ್ಯ ಶರಣಾಯಿತು. ಅದೇ ತಿಂಗಳು ಅಧ್ಯಕ್ಷ ಲಿಂಕನ್ ಅವರ ಕೊಲೆಯಾಯಿತು. ಉಪಾಧ್ಯಕ್ಷರಾಗಿದ್ದ ಆಂಡ್ರೂ ಜಾನ್ಸನ್ ಅಧ್ಯಕ್ಷರಾದರು. ಅವರೂ ಟೆನೆಸ್ಸೀಯವರೇ, ಕಸುಬಿನಲ್ಲಿ ದರ್ಜಿ. ಮೇ 29ರಂದು ಅವರು ಒಂದು ಘೋಷಣೆ ಹೊರಡಿಸಿದರು. ನಿಮ್ಮ ಪೆಟ್ಟಿಗೆಯ ಕಾಗದ ಹೆಚ್ಚುಕಮ್ಮಿ ಖಂಡಿತವಾಗಿ ಅದರಿಂದ ಹುಟ್ಟಿದ್ದು. ಒಕ್ಕಣೆ ಸುಮಾರಾಗಿ ಹೀಗಿದೆ ನೋಡಿ: ‘ಸರ್ವಶಕ್ತನಾದ ದೇವರ ಎದುರಿನಲ್ಲಿ, ಇನ್ನು ಮುಂದೆ ನಾನು ಸಂಯುಕ್ತ ಸಂಸ್ಥಾನದ ಸಂವಿಧಾನವನ್ನೂ ರಾಜ್ಯಗಳ ಒಕ್ಕೂಟವನ್ನೂ ನಿಷ್ಠೆಯಿಂದ ಬೆಂಬಲಿಸಿ ಕಾಪಾಡುತ್ತೇನೆ. ದಂಗೆಯ ಕಾಲದಲ್ಲಿ ಗುಲಾಮರ ಬಿಡುಗಡೆಗಾಗಿ ಮಾಡಿದ ಎಲ್ಲ ಕಾನೂನು, ಘೋಷಣೆಗಳನ್ನು ಪಾಲಿಸುತ್ತೇನೆ.’

ಇದರಲ್ಲಿ ಎರಡು ಕಡೆ ಬೆರಳಿಟ್ಟು ನೋಡಬೇಕು. ಒಂದು, ‘ಇನ್ನು ಮುಂದೆ’. ಇನ್ನೊಂದು, ಗುಲಾಮರ ಬಿಡುಗಡೆ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ನಾನು ಹುಟ್ಟಿದ್ದು ಪಾಂಡವಪುರದ ಕಡೆಯ ಒಂದು ಹಳ್ಳಿ. ಎಂಟೋ ಒಂಬತ್ತೋ ವರ್ಷದವನಿದ್ದಾಗ ಮಾರಮ್ಮನ ಗುಡಿ ಮುಂದೆ ಒಂದು ನ್ಯಾಯ ಸೇರಿತ್ತು. ಅಣ್ಣತಮ್ಮಂದಿರ ನಡುವೆ ಬಾವಿ ನೀರಿನ ಪಾಳಿ ಜಗಳ. ಅಣ್ಣ ರಾತ್ರಿ ಹೊತ್ತು ನೀರು ತಿರುಗಿಸಿಕೊಳ್ಳುತ್ತಾನೆ ಅಂತ ತಮ್ಮನ ದೂರು. ಕಲ್ಲಿನ ಮೇಲೆ ಕರ್ಪೂರ ಹಚ್ಚಿದರು. ‘ನಾನು ನೀರು ಕದ್ದಿಲ್ಲ ಅಂತ ಇದನ್ನು ಆರಿಸಪ್ಪಾ’ ಅಂದರು. ಆ ಮನುಷ್ಯ ಕೈ ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಇಳಿಸಿದ. ಕರ್ಪೂರ ತಾನೇ ಉರಿದು ಆರಿಹೋಯಿತು. ಯಾರೂ ಮಾತಾಡಲಿಲ್ಲ. ಆಗ ಒಬ್ಬ ಹಿರಿಯರು ಇನ್ನೊಂದು ಬಿಲ್ಲೆ ಕರ್ಪೂರ ಇಟ್ಟು, ‘ಹೋಗಲಿ, ಇನ್ನು ಮುಂದೆ ಪಾಳಿ ತಪ್ಪಿಸಲ್ಲ ಅಂತ ಆರಿಸು’ ಅಂದರು. ಈ ಸಲ ಅವನು ತಡಮಾಡಲಿಲ್ಲ, ಅಂಗೈ ಒತ್ತಿಯೇಬಿಟ್ಟ.

ಅಮೆರಿಕದಲ್ಲೂ ಇಂಥವೇ ಎರಡು ಪ್ರಮಾಣಗಳಿದ್ದವು ತಾಯಿ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಿಮ್ಮ ಮೊಮ್ಮಗನ ಗೆಳೆಯನೂ ಹಾಗೇ ಅಂದುಕೊಂಡಿರಬೇಕು. ಒಂದಕ್ಕೆ ‘ಉಕ್ಕಿನ ಕವಚದ ಪ್ರಮಾಣ’ ಅಂತ ಹೆಸರು ಬಿದ್ದಿತ್ತು. 1862ರ ಜುಲೈನಲ್ಲಿ ಕಾನೂನಾಗಿ ಬಂತು. ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರುವವರು ‘ನಾನು ಎಂದೂ ಸ್ವಂತ ಇಚ್ಛೆಯಿಂದ ಈ ದೇಶದ ವಿರುದ್ಧ ಆಯುಧ ಹಿಡಿದಿಲ್ಲ, ಹಿಡಿದವರಿಗೆ ನೆರವಾಗಿಲ್ಲ’ ಎಂದು ಆಣೆ ಇಡಬೇಕಿತ್ತು. ಅದು ಹಿಂದೆ ನಡೆದದ್ದರ ಮೇಲಿನ ಆಣೆ. ದಕ್ಷಿಣದಲ್ಲಿ ಅದನ್ನು ಸತ್ಯವಾಗಿ ಇಡಬಲ್ಲವರು ಬಹಳ ಕಮ್ಮಿ. ಇನ್ನೊಂದು ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಂಥದ್ದು, ಮುಂದಿನದರ ಮೇಲಿನ ಆಣೆ. ಇದು ಕ್ಷಮಾದಾನದ ಪ್ರಮಾಣ. ಇದರಲ್ಲಿ ತಪ್ಪೊಪ್ಪಿಗೆ ಒಂದು ಸಾಲೂ ಇಲ್ಲ. ಹಿಂದೆ ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ.

ಈ ಮುಂದಿನ ಪ್ರಮಾಣದ ದಾರಿ ತೆಗೆದವರು ಲಿಂಕನ್. 1863ರ ಡಿಸೆಂಬರ್ 8ರಂದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಕ್ಷಮಾದಾನ ಸಾರಿದರು. 1860ರಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ಹತ್ತು ಮಂದಿ ಪ್ರಮಾಣ ಮಾಡಿದರೆ ಆ ರಾಜ್ಯ ಹೊಸ ಸರ್ಕಾರ ಕಟ್ಟಿಕೊಳ್ಳಬಹುದು ಅಂದರು. ಎರಡು ತಿಂಗಳ ಮೇಲೆ ತಮ್ಮ ಯುದ್ಧ ಮಂತ್ರಿಗೆ ಬರೆದ ಟಿಪ್ಪಣಿಯಲ್ಲಿ, ‘ನಾನು ತಪ್ಪು ಮಾಡಿಲ್ಲ’ ಅಂತ ಮನುಷ್ಯನಿಂದ ಆಣೆ ಇಡಿಸುವುದೇ ತಮಗೆ ಇಷ್ಟವಿಲ್ಲ, ಇನ್ನು ಮುಂದೆ ತಪ್ಪು ಮಾಡದಿದ್ದರೆ ಸಾಕು ಎಂಬ ಅರ್ಥದ ಮಾತು ಬರೆದಿದ್ದಾರೆ. ಆ ಟಿಪ್ಪಣಿ ಪಾಠ ಮಾಡುವಾಗಲೆಲ್ಲ ನನಗೆ ಆ ಎರಡನೇ ಬಿಲ್ಲೆ ಕರ್ಪೂರ ನೆನಪಾಗುತ್ತಿತ್ತು.

ಈಗ ‘ಪ್ರಮಾಣ ಮಾಡಿದ್ದಾರೆ ಅಂದರೆ ಯುದ್ಧ ಮಾಡಿದ್ದಾರೆ’ ಅನ್ನುವ ಮಾತಿಗೆ ಬರೋಣ. ಅದು ತಪ್ಪು. ರೈತರು, ಅಂಗಡಿಯವರು, ವಕೀಲರು, ಪಾದ್ರಿಗಳು, ಹೆಂಗಸರು ಎಲ್ಲರೂ ಪ್ರಮಾಣ ಮಾಡಿದರು. ಯಾಕೆಂದರೆ ಸಾಮಾನ್ಯ ಬದುಕಿನ ಬಾಗಿಲುಗಳಿಗೆಲ್ಲ ಅದೇ ಬೀಗದ ಕೈ. ಸೈನ್ಯದ ಹಿಡಿತದಲ್ಲಿದ್ದ ಊರುಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಪಾಸು, ವ್ಯಾಪಾರಕ್ಕೆ ಪರವಾನಗಿ ಇವಕ್ಕೆಲ್ಲ ಪ್ರಮಾಣ ಕೇಳುತ್ತಿದ್ದರು. 1865ರ ಏಪ್ರಿಲ್ ಕೊನೆಯಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಜನರಲ್ ಹ್ಯಾಲೆಕ್ ಒಂದು ಆದೇಶ ಹೊರಡಿಸಿದರು. ಗಂಡು ಹೆಣ್ಣು ಇಬ್ಬರೂ ನಿಷ್ಠೆಯ ಪ್ರಮಾಣ ಮಾಡದೆ ಮದುವೆಯ ಲೈಸೆನ್ಸ್ ಕೊಡಕೂಡದು! ಯೋಚನೆ ಮಾಡಿ, ಛತ್ರಕ್ಕೆ ಹೋಗುವ ಮುಂಚೆ ವಧೂವರರು ಸೈನ್ಯದ ಕಚೇರಿಗೆ ಹೋಗಿ ಕೈ ಎತ್ತಿ ನಿಲ್ಲಬೇಕು. ಆ ಹುಡುಗಿ ಯಾವ ಬಂದೂಕು ಹಿಡಿದಿದ್ದಳು?

ಎತ್ತರ, ಕಣ್ಣಿನ ಬಣ್ಣ ನೋಡಿ ನಿಮಗೆ ಕಸಿವಿಸಿ ಆಗಿರಬೇಕು, ಕೈದಿಯ ಗುರುತು ಬರೆದ ಹಾಗಿದೆಯಲ್ಲ ಅಂತ. ಹಾಗೇನಿಲ್ಲ. ಫೋಟೋ ಅಂಟಿಸುವ ಕಾಲ ಅಲ್ಲ ಅದು. ಒಬ್ಬರ ಕಾಗದ ಇನ್ನೊಬ್ಬರು ತೋರಿಸಿ ದಾಟಿಕೊಳ್ಳದಿರಲಿ ಅಂತ ಬರೆಯುತ್ತಿದ್ದರು. ನೀವು ಟೀಚರ್ ಆಗಿದ್ದವರು. ದಾಖಲಾತಿ ಪುಸ್ತಕದಲ್ಲಿ ‘ಎಡಗೆನ್ನೆಯ ಮೇಲೆ ಮಚ್ಚೆ’ ಅಂತ ಎಷ್ಟು ಮಕ್ಕಳಿಗೆ ಬರೆದಿಲ್ಲ, ಅಲ್ವಾ?

ಎಲ್ಲರಿಗೂ ಈ ಕ್ಷಮೆ ಸುಲಭವಾಗಿ ಸಿಗಲಿಲ್ಲ. ಜಾನ್ಸನ್ ಅವರ ಘೋಷಣೆ 14 ವರ್ಗದ ಜನರನ್ನು ಹೊರಗಿಟ್ಟಿತ್ತು. ದಂಗೆಯ ಸರ್ಕಾರದ ದೊಡ್ಡ ಅಧಿಕಾರಿಗಳು, ದೊಡ್ಡ ಸೇನಾಧಿಕಾರಿಗಳು, ಮತ್ತೆ 20,000 ಡಾಲರ್‌ಗಿಂತ ಜಾಸ್ತಿ ತೆರಿಗೆ ಬೀಳುವ ಆಸ್ತಿ ಇದ್ದು ದಂಗೆಗೆ ಸೇರಿದವರು. ಇವರು ಪ್ರಮಾಣದ ಜೊತೆಗೆ ಅಧ್ಯಕ್ಷರಿಗೇ ಬೇರೆ ಅರ್ಜಿ ಹಾಕಿಕೊಳ್ಳಬೇಕಿತ್ತು. ದೊಡ್ಡ ಜಮೀನ್ದಾರರನ್ನು ಕಂಡರೆ ಜಾನ್ಸನ್ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಆದರೂ ಅರ್ಜಿ ಹಾಕಿದವರಲ್ಲಿ ಬಹುತೇಕ ಎಲ್ಲರಿಗೂ ಕೊನೆಗೆ ಕ್ಷಮೆ ಕೊಟ್ಟರು. 1868ರ ಕ್ರಿಸ್‌ಮಸ್ ದಿನ ಉಳಿದ ಎಲ್ಲರಿಗೂ ಸಾರಾಸಗಟಾಗಿ ಕೊಟ್ಟುಬಿಟ್ಟರು.

ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಅವರದೇ ಕಥೆ ಕೇಳಿ. 1865ರ ಅಕ್ಟೋಬರ್ 2ರಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಳಿಸಿದರು. ಅದರ ಮೇಲೆ ಯಾವ ಕ್ರಮವೂ ಆಗಲಿಲ್ಲ. ಅವರು ತೀರಿಕೊಂಡು ನೂರು ವರ್ಷದ ಹೊತ್ತಿಗೆ, 1970ರಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಹಳೇ ಕಡತಗಳಲ್ಲಿ ಆ ಕಾಗದ ಸಿಕ್ಕಿತು. 1975ರಲ್ಲಿ ಪೌರತ್ವ ವಾಪಸ್ ಕೊಟ್ಟರು. ಒಂದು ಕಾಗದ 105 ವರ್ಷ ಕಡತದಲ್ಲಿ ಮಲಗಿತ್ತು. ನಿಮ್ಮ ತಗಡಿನ ಪೆಟ್ಟಿಗೆಯೇ ವಾಸಿ.

ಬಲವಂತ ಎಷ್ಟಿತ್ತು ಅಂತ ಕೇಳಿದ್ದೀರಿ. ಪ್ರಮಾಣ ಮಾಡದಿದ್ದರೆ ನೇಣು ಅನ್ನುವ ಮಾತು ಸುಳ್ಳು. ಆದರೆ ಸುಮ್ನೆ ಮನಸ್ಸಿದ್ದರೆ ಮಾಡಿ ಅನ್ನುವಂಥದ್ದೂ ಅಲ್ಲ. ಮಾಡದವನಿಗೆ ಜಪ್ತಿಯಾದ ಆಸ್ತಿ ವಾಪಸಿಲ್ಲ, ಕೋರ್ಟಿನಲ್ಲಿ ನಿಲ್ಲುವ ಹಾಗಿಲ್ಲ, ಯಾವಾಗ ಕೇಸು ಬೀಳುತ್ತದೋ ಅನ್ನುವ ಭಯ ಹೋಗುವುದಿಲ್ಲ. ಗಿರಣಿ ನಡೆಸುವ ಮನುಷ್ಯ ಎಷ್ಟು ದಿನ ತಡೆದುಕೊಂಡಾನು? ನಿಮ್ಮ ಯಜಮಾನರ ಮಾತಿನಲ್ಲಿ ಅಷ್ಟು ಸತ್ಯ ಇದೆ. ನಮ್ಮ ಕಡೆ ಹಿಂದೆ ‘ಕೌಲು’ ಕೊಡುವ ಪದ್ಧತಿ ಇತ್ತಲ್ಲ, ಊರು ಬಿಟ್ಟು ಹೋದ ರೈತರಿಗೆ ‘ಬನ್ನಿ, ನಿಮಗೇನೂ ಮಾಡಲ್ಲ, ಉತ್ತು ಬಿತ್ತಿಕೊಳ್ಳಿ’ ಅಂತ ದೊರೆ ಬರೆದುಕೊಡುವ ಮಾತು. ಅದರಲ್ಲಿ ಮಾತು ಕೊಡುವವನು ದೊರೆ. ಅಮೆರಿಕದ ಈ ಏರ್ಪಾಟಿನಲ್ಲಿ ಎರಡೂ ಸೇರಿದ್ದವು. ಕೆಳಗಿನವನು ಆಣೆ ಇಡಬೇಕು, ಮೇಲಿನವನು ಅಭಯ ಕೊಡಬೇಕು. ಆದ್ದರಿಂದ ಇದನ್ನು ಬರೀ ತಲೆ ತಗ್ಗಿಸಿದ ಕಾಗದ ಅಂತ ನೋಡಬೇಡಿ. ಒಂದು ಒಪ್ಪಂದ ಅಂತಲೂ ನೋಡಬಹುದು.

ಬಲವಂತ ನಿಜವಾಗಿ ಕೆಟ್ಟದ್ದಾಗುವುದು ಸರ್ಕಾರ ನಡತೆ ಬಿಟ್ಟು ಮನಸ್ಸಿಗೆ ಕೈಹಾಕಿದಾಗ. ಟೆನೆಸ್ಸೀಯಲ್ಲೇ ಅದು ನಡೆದಿದೆ. ಜಾನ್ಸನ್ ಅಧ್ಯಕ್ಷರಾಗುವ ಮುಂಚೆ ಅಲ್ಲಿ ಸೈನ್ಯದ ಕಡೆಯ ಗವರ್ನರ್ ಆಗಿದ್ದರು. 1864ರಲ್ಲಿ ಮತ ಹಾಕುವವರಿಗೆ ಅವರು ಇಟ್ಟ ಪ್ರಮಾಣದಲ್ಲಿ, ಈ ದಂಗೆ ಅಡಗಲಿ ಎಂದು ‘ಉತ್ಕಟವಾಗಿ ಬಯಸುತ್ತೇನೆ’ ಅನ್ನಬೇಕಿತ್ತು. ಬಯಕೆಯ ಮೇಲೆ ಆಣೆ! ಮಗ ಇನ್ನೊಂದು ಕಡೆ ಸೈನ್ಯದಲ್ಲಿರುವ ತಂದೆ ಏನು ಬಯಸಬೇಕು? ಮಿಸ್ಸೌರಿ ರಾಜ್ಯ 1865ರಲ್ಲಿ ಇನ್ನೂ ಮುಂದೆ ಹೋಯಿತು. ದಂಗೆಯವರ ಬಗ್ಗೆ ಹಿಂದೆ ಸಹಾನುಭೂತಿ ಕೂಡ ತೋರಿಸಿಲ್ಲ ಅಂತ ಪಾದ್ರಿಗಳು, ವಕೀಲರು, ಮೇಷ್ಟ್ರುಗಳು ಪ್ರಮಾಣ ಮಾಡಬೇಕು ಅಂದಿತು. ಕಮಿಂಗ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಪ್ರಮಾಣ ಮಾಡದೆ ಚರ್ಚಿನಲ್ಲಿ ಉಪದೇಶ ಮಾಡಿದರು. 500 ಡಾಲರ್ ದಂಡ ಹಾಕಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1867ರಲ್ಲಿ ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಂದೇ ಒಂದು ಮತದ ಅಂತರದಲ್ಲಿ ಆ ಪ್ರಮಾಣ ಬಿದ್ದುಹೋಯಿತು. ವಿಚಾರಣೆಯೇ ಇಲ್ಲದೆ, ಹಿಂದಿನದನ್ನು ಹಿಡಿದು ಶಿಕ್ಷೆ ಕೊಟ್ಟಂತಾಯಿತು ಅನ್ನುವುದು ಕೋರ್ಟಿನ ಮಾತಿನ ಸಾರ. ನಿಮ್ಮ ಕಾಗದ ಈ ಜಾತಿಯದಲ್ಲ.

ಮನಸ್ಸಾರೆ ಇಟ್ಟ ಆಣೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಿಮ್ಮ ಜಿಲ್ಲೆಯಲ್ಲೇ ಇದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡ ಕಂಬಗಳು. ದೊರೆ ಸತ್ತರೆ ತಾವೂ ಸಾಯುತ್ತೇವೆ ಎಂದು ಭಾಷೆ ಕೊಟ್ಟು, ಹಾಗೇ ಪ್ರಾಣ ಬಿಟ್ಟ ಹೊಯ್ಸಳರ ಕಾಲದ ಗರುಡರ ನೆನಪಿಗೆ ನಿಲ್ಲಿಸಿದ್ದು. ತುದಿಯಲ್ಲಿ ಕಲ್ಲಿನ ಆನೆಗಳಿವೆ. ಮೊಮ್ಮಗ ಮುಂದಿನ ಸಲ ಬಂದಾಗ ಕರೆದುಕೊಂಡು ಹೋಗಿ ತೋರಿಸಿ. ಅವರದು ತಾವೇ ಮುಂದೆ ಬಂದು ಕೊಟ್ಟ ಭಾಷೆ. ಗಿರಣಿಯವರದು ಸಾಲಿನಲ್ಲಿ ನಿಂತು ಹಾಕಿದ ಸಹಿ. ಎರಡಕ್ಕೂ ನಿಷ್ಠೆ ಅಂತ ಒಂದೇ ಪದ ಬಳಸುತ್ತೇವೆ, ಅದಕ್ಕೇ ಗೊಂದಲ.

ಮಾತು ಉಳಿಸಿಕೊಂಡರಾ? ನಿಮ್ಮ ಪ್ರಶ್ನೆಗಳಲ್ಲಿ ಇದೇ ಭಾರವಾದದ್ದು. ಇಲ್ಲಿ ನಾನು ಹುಡುಗನ ಕಡೆ ವಾಲಿಕೊಂಡು ಮೆತ್ತಗೆ ಮಾತಾಡಿದರೆ ಬೇರೆ ಯಾರಿಗೋ ಅನ್ಯಾಯ ಆಗುತ್ತದೆ.

ಒಕ್ಕೂಟದ ವಿರುದ್ಧ ಮತ್ತೆ ಆಯುಧ ಎತ್ತಲ್ಲ ಅನ್ನುವ ಅರ್ಧವನ್ನು ದಕ್ಷಿಣದ ಬಿಳಿಯರು ಉಳಿಸಿಕೊಂಡರು. ಇನ್ನೊಂದು ಯುದ್ಧ ಆಗಲಿಲ್ಲ. ನಮ್ಮೂರಿನ ಆ ಅಣ್ಣನ ಹಾಗೆ. ಅವನು ಸಾಯುವ ತನಕ ತಮ್ಮನ ಮನೆ ಹೊಸಲು ತುಳಿಯಲಿಲ್ಲ, ಆದರೆ ನೀರೂ ತಿರುಗಿಸಲಿಲ್ಲ. ಆದರೆ ಪ್ರಮಾಣದ ಎರಡನೇ ಅರ್ಧ ಇತ್ತಲ್ಲ, ಗುಲಾಮರ ಬಿಡುಗಡೆಯ ಕಾನೂನು ಪಾಲಿಸುತ್ತೇವೆ ಅಂದದ್ದು, ಅದನ್ನು ಲೆಕ್ಕವಿಲ್ಲದಷ್ಟು ಜನ ಅಕ್ಷರಕ್ಕೆ ಮಾತ್ರ ಪಾಲಿಸಿದರು. 1865ರ ಬೇಸಿಗೆಯಲ್ಲಿ ಪ್ರಮಾಣ ಮಾಡಿದವರ ಮತದಿಂದಲೇ ದಕ್ಷಿಣದ ರಾಜ್ಯಗಳಲ್ಲಿ ಹೊಸ ಸರ್ಕಾರ ಕಟ್ಟುವ ಸಭೆಗಳು ಸೇರಿದವು. ಅದೇ ವರ್ಷ ನವೆಂಬರ್‌ನಲ್ಲಿ ಮಿಸಿಸಿಪ್ಪಿ ರಾಜ್ಯ ಕಾನೂನು ಮಾಡಿತು: ಬಿಡುಗಡೆಯಾದ ಕಪ್ಪು ಜನ ಪ್ರತಿ ವರ್ಷ ಜನವರಿಯಲ್ಲಿ ತಮಗೆ ಕೆಲಸ ಇದೆ ಅಂತ ಲಿಖಿತ ಪುರಾವೆ ತೋರಿಸಬೇಕು. ತೋರಿಸದವರನ್ನು ಅಲೆಮಾರಿ ಅಂತ ಹಿಡಿದು ದಂಡ ಹಾಕಿ, ಕಟ್ಟಲಾಗದಿದ್ದರೆ ಕೂಲಿಗೆ ಹಚ್ಚಬಹುದು. ಗುಲಾಮಗಿರಿ ಅನ್ನುವ ಹೆಸರು ಹೋಯಿತು, ನೊಗ ಹೋಗಲಿಲ್ಲ. ಟೆನೆಸ್ಸೀಯ ಮೆಂಫಿಸ್ ಊರಿನಲ್ಲಿ 1866ರ ಮೇ ತಿಂಗಳ ಮೊದಲ ಮೂರು ದಿನ ಬಿಳಿಯರ ಗುಂಪುಗಳು, ಪೊಲೀಸರೂ ಸೇರಿ, ಕಪ್ಪು ಜನರ ಕೇರಿಗೆ ನುಗ್ಗಿದವು. 46 ಮಂದಿ ಕಪ್ಪು ಜನ ಸತ್ತರು. ಮನೆ, ಶಾಲೆ, ಚರ್ಚು ಸುಟ್ಟವು. ಅದೇ ಹೊತ್ತಿಗೆ ಅದೇ ರಾಜ್ಯದ ಪುಲಾಸ್ಕಿ ಎಂಬ ಸಣ್ಣ ಊರಿನಲ್ಲಿ ಕೂ ಕ್ಲಕ್ಸ್ ಕ್ಲಾನ್ ಹುಟ್ಟಿತು, ಕಪ್ಪು ಜನರನ್ನು ಹೆದರಿಸಿ ಹಿಂಸಿಸುತ್ತಿದ್ದ ಬಿಳಿಯರ ಗುಪ್ತ ಗುಂಪು. ಅದಕ್ಕೂ ಒಂದು ಗುಟ್ಟಿನ ಪ್ರಮಾಣ ಇತ್ತು. ಸರ್ಕಾರದ ಮುಂದೆ ಎತ್ತಿದ ಕೈಯನ್ನೇ ಕೆಲವರು ಅಲ್ಲೂ ಎತ್ತಿದರು.

ನಿಮ್ಮ ಗಿರಣಿಯ ಹಿರಿಯರು ಇದರಲ್ಲಿ ಇದ್ದರು ಅಂತ ಹೇಳುತ್ತಿಲ್ಲ. ಇರಲಿಲ್ಲ ಅಂತ ಮಗುವಿಗೆ ಮಾತು ಕೊಡಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ನನ್ನನ್ನು ಇಷ್ಟು ವರ್ಷ ಕಾಡಿದೆ. ಆ ಬೇಸಿಗೆಯಲ್ಲಿ ಯಾರು ನಿಷ್ಠರು ಅಂತ ದೇಶವೆಲ್ಲ ಪರೀಕ್ಷೆ ಮಾಡುತ್ತಿತ್ತು. 1860ರ ಗಣತಿಯಲ್ಲಿ ಟೆನೆಸ್ಸೀಯಲ್ಲಿ ಸುಮಾರು 2,75,000 ಗುಲಾಮರಿದ್ದರು, ನಾಲ್ಕು ಜನರಲ್ಲಿ ಒಬ್ಬರು. ಒಕ್ಕೂಟದ ಸೈನ್ಯಕ್ಕೆ ದಾರಿ ತೋರಿಸಿದವರು, ಕೋಟೆಗೆ ಮಣ್ಣು ಹೊತ್ತವರು, ಬಂದೂಕು ಹಿಡಿದು ಸತ್ತವರು ಅವರಲ್ಲಿ ಸಾವಿರಾರು ಮಂದಿ. ಆಸ್ತಿ, ಕ್ಷಮೆ ಕೊಡುವ ಕಾಗದ ಅವರಿಗೆ ಬೇಕಿರಲಿಲ್ಲ. ಮತ ಬೇಕಿತ್ತು, ನೆಲ ಬೇಕಿತ್ತು. ವಿರುದ್ಧ ನಿಂತಿದ್ದವನಿಗೆ ಒಂದು ಸಹಿಯಿಂದ ಗದ್ದೆ ವಾಪಸ್ ಬಂತು. ಜೊತೆಗೆ ನಿಂತಿದ್ದವರು ಮತಕ್ಕಾಗಿ 1867ರವರೆಗೆ ಕಾಯಬೇಕಾಯಿತು. ನೆಲ ಬಹುತೇಕರಿಗೆ ಸಿಗಲೇ ಇಲ್ಲ.

ಇಲ್ಲಿ ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಟೆನೆಸ್ಸೀಯಲ್ಲಿ ಕ್ಷಮಾದಾನದ ಪ್ರಮಾಣ ಮಾಡಿದ ಮಾತ್ರಕ್ಕೆ ಮತದ ಹಕ್ಕು ಬರಲಿಲ್ಲ. 1865ರ ಜೂನ್‌ನಲ್ಲಿ ರಾಜ್ಯವೇ ಬೇರೆ ಕಾನೂನು ಮಾಡಿ, ದಂಗೆಯ ಕಡೆಯಿದ್ದವರ ಮತ ವರ್ಷಗಟ್ಟಲೆ ಕಿತ್ತುಕೊಂಡಿತ್ತು. ಆದ್ದರಿಂದ ‘ಒಂದು ಸಹಿ ಹಾಕಿ ಎಲ್ಲ ಗಿಟ್ಟಿಸಿಕೊಂಡರು’ ಅನ್ನುವುದೂ ಪೂರ್ತಿ ನಿಜವಲ್ಲ.

ಈಗ ಮುಂದೇನು ಅನ್ನುವುದು. ಅಳಿಯನ ಹಾಗೆ ಮತ್ತೆ ಪೆಟ್ಟಿಗೆಗೆ ಹಾಕಿ ಮುಚ್ಚಿಡುವುದು ಒಂದು ದಾರಿ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಹುಡುಗ ಆಗಲೇ ನೋಡಿಬಿಟ್ಟಿದ್ದಾನೆ. ದೊಡ್ಡವರು ಮುಚ್ಚಿಟ್ಟದ್ದನ್ನು ಮಕ್ಕಳು ತಪ್ಪು ಅಂತಲೇ ಓದಿಕೊಳ್ಳುತ್ತಾರೆ. ಮಗಳ ಹಾಗೆ ಗೋಡೆಗೆ ಹಾಕುವುದು ಇನ್ನೊಂದು ದಾರಿ. ಒಂಟಿಯಾಗಿ ಹಾಕಿದರೆ ನೋಡಿದವರಿಗೆ ಅದು ಹೆಮ್ಮೆಯ ಹಾಗೆ ಕಾಣುತ್ತದೆ. ಆ ಊರಿನಲ್ಲಿ ಕಪ್ಪು ಗೆಳೆಯರು ಮನೆಗೆ ಬಂದಾಗ ಅವರ ಕಣ್ಣಿಗೆ ಹೇಗೆ ಕಂಡೀತು ಅಂತ ಮಗಳಿಗೆ ಒಂದು ಸಲ ಕೇಳಿ ನೋಡಿ.

ನಾನಾಗಿದ್ದರೆ ಹುಡುಗನ ಜೊತೆ ಕೂತು ಹುಡುಕುತ್ತಿದ್ದೆ. 12 ವರ್ಷ ಚಿಕ್ಕ ವಯಸ್ಸೇನಲ್ಲ. ಮೊದಲು 1860ರ ಗಣತಿ ನೋಡಲಿ. ಅದರಲ್ಲಿ ಹಿರಿಯರ ಕಸುಬು, ಆಸ್ತಿಯ ಬೆಲೆ ಸಿಗುತ್ತದೆ. ಅಪಾಯ ಇಲ್ಲೇ ಇದೆ, ಮುಂಚೆಯೇ ಹೇಳಿಬಿಡುತ್ತೇನೆ. ಅದೇ ಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆ ಇದೆ. ಒಡೆಯನ ಹೆಸರು, ಕೆಳಗೆ ಸಾಲುಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರುಗಳು ಸಾಮಾನ್ಯವಾಗಿ ಇರುವುದೇ ಇಲ್ಲ. ಬಹಳಷ್ಟು ಬಿಳಿಯ ಮನೆಗಳಲ್ಲಿ ಗುಲಾಮರಿರಲಿಲ್ಲ, ಆದರೆ ಗಿರಣಿಗಳಲ್ಲಿ ಬಾಡಿಗೆಗೆ ತಂದು ದುಡಿಸುವುದೂ ಇತ್ತು. ಆ ಪುಟ ತೆರೆಯುವಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರಬೇಕು. ಹುಡುಗ ಒಬ್ಬನೇ ಫೋನಿನಲ್ಲಿ ನೋಡಬಾರದು.

ಆಮೇಲೆ ರಾಷ್ಟ್ರೀಯ ಪತ್ರಾಗಾರದಲ್ಲಿ ಕ್ಷಮೆ ಕೋರಿದ ಅರ್ಜಿಗಳ ಕಡತಗಳಿವೆ. ಅಲ್ಲಿ ಅವರ ಹೆಸರು ಸಿಕ್ಕರೆ ಆ 14 ವರ್ಗಗಳಲ್ಲಿ ಒಂದಕ್ಕೆ ಸೇರಿದವರು ಅಂತ ಅರ್ಥ. ಇನ್ನೊಂದು ಜಾಗ ನನಗೆ ಬಹಳ ಇಷ್ಟವಾದದ್ದು, ದಕ್ಷಿಣದ ಹಕ್ಕೊತ್ತಾಯಗಳ ಆಯೋಗ. ಒಕ್ಕೂಟದ ಸೈನ್ಯ ಯಾರ ಮನೆಯಿಂದ ದವಸ, ಕುದುರೆ ಒಯ್ದಿತ್ತೋ ಅವರು, ಯುದ್ಧದ ಉದ್ದಕ್ಕೂ ಒಕ್ಕೂಟದ ಕಡೆಯೇ ಇದ್ದೆವು ಅಂತ ರುಜುವಾತು ಮಾಡಿದರೆ ಹಣ ಕೊಡುತ್ತಿದ್ದರು. 1871ರಿಂದ 22,000ಕ್ಕೂ ಜಾಸ್ತಿ ಅರ್ಜಿಗಳು ಬಂದವು. ಅಲ್ಲಿ ಪ್ರಮಾಣಪತ್ರ ಒಂದೇ ತೋರಿಸಿದರೆ ನಡೆಯುತ್ತಿರಲಿಲ್ಲ. ಅಕ್ಕಪಕ್ಕದವರನ್ನು, ಹಿಂದೆ ಗುಲಾಮರಾಗಿದ್ದವರನ್ನೂ ಕರೆಸಿ ಸಾಕ್ಷಿ ಕೇಳುತ್ತಿದ್ದರು. ‘ಇವರು ಯಾವ ಕಡೆ ಮಾತಾಡುತ್ತಿದ್ದರು? ಯಾರು ಗೆದ್ದಾಗ ಖುಷಿಪಟ್ಟರು?’ ಎಂಬಂಥ ಪ್ರಶ್ನೆಗಳು. ಗಿರಣಿಯವರ ಹಿಟ್ಟು ಸೈನ್ಯ ಒಯ್ದಿದ್ದರೆ ಅವರ ಹೆಸರು ಅಲ್ಲಿರುವ ಸಾಧ್ಯತೆ ಇದೆ. ಇದ್ದರೆ ಹುಡುಗನ ಪ್ರಶ್ನೆಗೆ ನೆರೆಹೊರೆಯವರ ಬಾಯಲ್ಲೇ ಉತ್ತರ ಸಿಕ್ಕೀತು. ಅರ್ಜಿ ತಿರಸ್ಕಾರ ಆಗಿದ್ದರೆ ಅದನ್ನೂ ಓದುವ ಧೈರ್ಯ ಬೇಕು.

ಇನ್ನು ಲ್ಯಾಮಿನೇಷನ್. ದಯವಿಟ್ಟು ಬೇಡ. ನನ್ನ ಹಳೇ ವಿದ್ಯಾರ್ಥಿ ಒಬ್ಬ ತಾತನ ಕಾಲದ ಕ್ರಯಪತ್ರವನ್ನು ಒಂದು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡು ನನಗೆ ತೋರಿಸಲು ತಂದಿದ್ದ. ಬಿಸಿಗೆ ಕಾಗದ ಕಂದಿತ್ತು, ಮಡಿಕೆಯ ಜಾಗದಲ್ಲಿ ಗುಳ್ಳೆ ಎದ್ದು ಅಕ್ಷರ ಸೀಳಿತ್ತು. ಅದನ್ನು ಮತ್ತೆ ಬಿಡಿಸುವ ದಾರಿಯೇ ಇಲ್ಲ. ಅವನ ಮುಖ ನೋಡಲು ಆಗಲಿಲ್ಲ ನನಗೆ. 1865ರ ಶಾಯಿ ಬಹುಮಟ್ಟಿಗೆ ಕಬ್ಬಿಣದ ಅಂಶ ಇರುವಂಥದ್ದು, ತಾನೇ ನಿಧಾನಕ್ಕೆ ಕಾಗದ ತಿನ್ನುತ್ತಿರುತ್ತದೆ. ಅದರ ಮೇಲೆ ಬಿಸಿ, ಅಂಟು ಎರಡೂ ಬಿದ್ದರೆ ಮುಗಿಯಿತು. ಸೆಲ್ಲೋಟೇಪೂ ಹಾಕಬೇಡಿ. ಓಲೆಗರಿಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೂ ಹಚ್ಚಿ ಕೆಡಿಸಿದವರನ್ನು ಮೈಸೂರಿನಲ್ಲಿ ನೋಡಿದ್ದೇನೆ, ಅದೂ ಬೇಡ. ಆಮ್ಲ ಇಲ್ಲದ ಫೋಲ್ಡರ್, ಇಲ್ಲವೇ ಪಾಲಿಯೆಸ್ಟರ್ ಹಾಳೆಯ ಲಕೋಟೆ ಅಲ್ಲಿ ಸುಲಭವಾಗಿ ಸಿಗುತ್ತದೆ. ಮಡಿಕೆ ಬಿಡಿಸಿ, ಮಟ್ಟಸವಾಗಿ ಅದರಲ್ಲಿಟ್ಟು, ಬಿಸಿಲು, ತೇವ ತಾಗದ ಕಡೆ ಇಡಲಿ. ತಗಡಿನ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ, ಅದರೊಳಗೆ ಬೇಡ. ಗೋಡೆಗೆ ಹಾಕಲೇಬೇಕು ಅಂದರೆ ಒಳ್ಳೆಯ ಸ್ಕ್ಯಾನ್ ತೆಗೆಸಿ ನಕಲು ಹಾಕಲಿ. ಪಕ್ಕದಲ್ಲಿ ಹುಡುಗ ತಾನು ಹುಡುಕಿದ್ದನ್ನು ತನ್ನ ಕೈಬರಹದಲ್ಲಿ ಬರೆದಿಡಲಿ, ಒಳ್ಳೆಯದೂ ಕೆಟ್ಟದ್ದೂ ಎರಡೂ.

ಮಡಿಕೆ ಬಿಡಿಸುವ ಮುಂಚೆ ಒಂದು ಕೆಲಸ. ಆ ಕಾಲದ ಗುಮಾಸ್ತರು ಕಾಗದ ಮೂರು ಮಡಿಕೆ ಮಾಡಿ, ಹೊರಮೈ ಮೇಲೆ ಹೆಸರು, ಊರು, ತಾರೀಖು ಬರೆದು ಕಟ್ಟು ಕಟ್ಟುತ್ತಿದ್ದರು, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಮಾಡುತ್ತಿದ್ದ ಹಾಗೇ. ನೀವು ಕಳಿಸಿದ ಫೋಟೋದಲ್ಲಿ ಮುಂಬದಿ ಮಾತ್ರ ಇದೆ. ಹಿಂಬದಿಯದನ್ನೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆದು ಕಳಿಸಲು ಮೊಮ್ಮಗನಿಗೆ ಹೇಳಿ. ಯಾವ ಕಚೇರಿಯ ಮುಂದೆ, ಯಾವ ಅಧಿಕಾರಿಯ ಎದುರು ಸಹಿ ಆಯಿತು ಅಂತ ಗೊತ್ತಾದರೆ, ಹುಡುಕುವುದು ಎಲ್ಲಿಂದ ಶುರು ಮಾಡಬೇಕು ಅಂತ ನಾನು ಅವನಿಗೇ ನೇರವಾಗಿ ಬರೆಯುತ್ತೇನೆ.